ಚಳಿಯಲ್ಲಿ ಬೀಳದ ಗೇರು

ಅವನಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು. ಅದು ಈಗ ಲೈಸೆನ್ಸಿನ ಮೇಲೆ ಮಾತ್ರ ಉಳಿದುಕೊಂಡಿದೆ. ಊರಿನ ಬಾಯಲ್ಲಿ ಅವನು ಗೇರಪ್ಪ. ಗೇರ್‌ಬಾಕ್ಸ್ ಬಿಚ್ಚುವುದು, ತೊಳೆಯುವುದು, ಕಟ್ಟುವುದು, ಮೂವತ್ತೊಂದು ವರ್ಷದಿಂದ ಇಷ್ಟೇ ಅವನ ಕಸುಬು. ಬ್ರೇಕು, ಲೈಟು ಅಂತ ಯಾರಾದರೂ ಬಂದರೆ "ಅದಕ್ಕೆಲ್ಲ ಪಕ್ಕದ ಬೀದಿಗೆ ಹೋಗಿ" ಅಂತ ಮೂಗು ಮುರಿಯುತ್ತಿದ್ದ. ಗಾಡಿ ಗ್ಯಾರೇಜಿನ ಇಳಿಜಾರು ಹತ್ತುವಾಗಲೇ ಕಿವಿ ಕೊಟ್ಟು ಕೇಳಿ, ಕಾಯಿಲೆ ಇಂಥದ್ದು ಅಂತ ಹೇಳಿಬಿಡುತ್ತಿದ್ದ. ಹತ್ತಕ್ಕೆ ಒಂಬತ್ತು ಸಲ ಅದು ಸರಿಯಾಗಿಯೂ ಇರುತ್ತಿತ್ತು. ಆ ಒಂಬತ್ತೇ ಅವನನ್ನು ಕೆಡಿಸಿದ್ದು ಅಂತ ಬೇಕಾದರೆ ಹೇಳಬಹುದು. ಅಹಂಕಾರ ಇತ್ತೇ? ಇತ್ತಪ್ಪ, ಸುಳ್ಳು ಯಾಕೆ ಹೇಳಲಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿಯವನು.

ಬೆಳಿಗ್ಗೆ ಹತ್ತು ಗಂಟೆಗೆ ಮುಂಚೆ ಗ್ಯಾರೇಜಿನ ಬಾಗಿಲು ತೆಗೆದವನಲ್ಲ. ಒಳಗೆ ತಗಡಿನ ಸೂರು, ನಡುವೆ ಗಾಡಿಯಡಿ ಇಳಿಯಲು ಎದೆಮಟ್ಟದ ಗುಂಡಿ, ಎಡಗೋಡೆಯ ಮೇಲೆ ಸ್ಪ್ಯಾನರುಗಳು ಅಳತೆ ಪ್ರಕಾರ ಸಾಲಾಗಿ. ಬಲಗೋಡೆಯ ಮೊಳೆಗೆ ಒಂದು ತಂತಿ ನೇತಾಡುತ್ತಿತ್ತು, ಅದರಲ್ಲಿ ಹಿತ್ತಾಳೆ ಬಣ್ಣದ ಹಳೇ ವಾಲ್ವುಗಳು ಮಾಲೆಯ ಹಾಗೆ ಪೋಣಿಸಿಕೊಂಡಿದ್ದವು. ಇಂಜಿನ್ನಿಗೂ ರೇಡಿಯೇಟರಿಗೂ ನಡುವೆ ಕೂರುವ ವಾಲ್ವು ಅದು. ಇಂಜಿನ್ ತಣ್ಣಗಿರುವಾಗ ಮುಚ್ಚಿಕೊಂಡು, ನೀರು ಕಾದ ಮೇಲೆ ತೆರೆದುಕೊಳ್ಳುವುದು ಅದರ ಕೆಲಸ. ಬೇಸಿಗೆಯಲ್ಲಿ ಯಾವ ಗಾಡಿ ಬಂದರೂ ಗೇರಪ್ಪ ಅದನ್ನು ಪುಕ್ಕಟೆಯಾಗಿ ಕಿತ್ತುಕೊಡುತ್ತಿದ್ದ. "ಇದು ಹಿಮ ಬೀಳೋ ಕಡೆಯವರಿಗೆ ಮಾಡಿದ್ದು. ನಮ್ಮ ಬಿಸಿಲಿಗೆ ಇದಿದ್ರೆ ಗಾಡಿ ಕುದಿಯುತ್ತೆ ಅಷ್ಟೆ" ಅನ್ನುತ್ತಿದ್ದ. ಅವನೊಬ್ಬನೇ ಅಲ್ಲ, ಆ ಸಾಲಿನ ಮೇಸ್ತ್ರಿಗಳೆಲ್ಲ ಹಾಗೇ ಮಾಡುತ್ತಿದ್ದರು. ಕೆಲಸ ಕಲಿಸಿದ ಗುರುವೂ ಹಾಗೇ ಕಲಿಸಿದ್ದ. ಕಿತ್ತದ್ದನ್ನು ತಂತಿಗೆ ಏರಿಸುವುದು ಮಾತ್ರ ಗೇರಪ್ಪನ ಸ್ವಂತ ಚಾಳಿ.

ಆ ಗುರುವಿನ ಹತ್ತಿರ ಅವನನ್ನು ಕೈಹಿಡಿದು ಕರೆದುಕೊಂಡು ಹೋಗಿ ಬಿಟ್ಟವರು ಭಾವ, ಅಂದರೆ ಅಕ್ಕನ ಗಂಡ. ಅಪ್ಪ ತೀರಿಕೊಂಡಾಗ ಗೇರಪ್ಪನಿಗೆ ಹದಿನಾರು. ಅಕ್ಕ ಭಾವ ಇಬ್ಬರೇ ಅವನನ್ನು ಸಾಕಿದ್ದು. ಮೊದಲ ಸಲ ಸ್ಟೀರಿಂಗ್ ಹಿಂದೆ ಕೂರಿಸಿ, ಕ್ಲಚ್ಚಿನ ಮೇಲಿದ್ದ ಅವನ ಕಾಲನ್ನು ತಮ್ಮ ಕೈಯಲ್ಲಿ ಹಿಡಿದು ಮೆಲ್ಲಗೆ ಬಿಡಿಸಿದವರೂ ಅವರೇ. ಭಾವ ಮಾತು ಕಡಿಮೆಯ ಮನುಷ್ಯ. ಕಣ್ಣಿನ ಡಾಕ್ಟರಮ್ಮನ ಹತ್ತಿರ ಹತ್ತೊಂಬತ್ತು ವರ್ಷದಿಂದ ಡ್ರೈವರು. ದಿನಾ ಬೆಳಿಗ್ಗೆ ಆರಕ್ಕೆ ಹೊರಟು ಪಕ್ಕದೂರಿನ ಆಸ್ಪತ್ರೆಗೆ ಅವರನ್ನು ಬಿಡುವುದು, ಮಧ್ಯಾಹ್ನ ಕರೆತರುವುದು. ಈ ಹತ್ತೊಂಬತ್ತು ವರ್ಷದಲ್ಲಿ ಗಾಡಿಗೆ ಒಂದು ಗೀರು ಬಿದ್ದಿಲ್ಲ ಅಂತ ಭಾವ ಎಂದೂ ಹೇಳಿಕೊಂಡವರಲ್ಲ. ಆ ಮಾತು ಬೀದಿಗೆಲ್ಲ ಹೇಳಿಕೊಂಡು ಬರುವುದು ಅಕ್ಕನ ಕೆಲಸ.

ಚಳಿ ಬಿದ್ದ ಮೊದಲ ವಾರ ಭಾವ ಗಾಡಿ ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿದರು.

"ಓವರ್‌ಡ್ರೈವ್ ಬೀಳ್ತಿಲ್ಲ ಕಣೋ," ಅಂದರು. "ಬೆಳಿಗ್ಗೆ ಎಂಬತ್ತಕ್ಕೆ ಹೋದ್ರೂ ಇಂಜಿನ್ನು ಅರಚ್ತಾನೇ ಇರುತ್ತೆ. ಮಧ್ಯಾಹ್ನ ವಾಪಸ್ ಬರ್ತಾ ಸರಿಯಾಗಿ ಬೀಳುತ್ತೆ."

ಅದು ತನ್ನಷ್ಟಕ್ಕೆ ತಾನೇ ಗೇರ್ ಬದಲಿಸಿಕೊಳ್ಳುವ ಗಾಡಿ. ಓವರ್‌ಡ್ರೈವ್ ಅಂದರೆ ಅದರ ಕೊನೆಯ ಗೇರು. ನೇರ ರಸ್ತೆಯಲ್ಲಿ ಓಟ ಹಿಡಿದ ಮೇಲೆ ಅದು ಬಿದ್ದರೆ ಇಂಜಿನ್ ಉಸಿರು ಬಿಟ್ಟು ಸುಮ್ಮನಾಗುತ್ತದೆ. ಗೇರ್ ಸರಳಿನ ಪಕ್ಕದಲ್ಲಿ ಹೆಬ್ಬೆರಳಿಗೆ ಸಿಗುವ ಹಾಗೆ ಒಂದು ಪುಟ್ಟ ಗುಂಡಿ ಇರುತ್ತದೆ. ಏರು ಹತ್ತುವಾಗ ಕೊನೆಯ ಗೇರು ಬೇಡ ಅನ್ನಿಸಿದರೆ ಅದನ್ನು ಒತ್ತುತ್ತಾರೆ. ಒತ್ತಿದ್ದು ಗೊತ್ತಾಗಲಿ ಅಂತ ಎದುರಿಗೆ ಒಂದು ಹಳದಿ ದೀಪ ಹತ್ತಿಕೊಳ್ಳುತ್ತದೆ.

ಗೇರಪ್ಪ ಗೇರ್ ಎಣ್ಣೆ ನೋಡಿದ. ಕೆಂಪಗೆ, ಚೊಕ್ಕವಾಗಿತ್ತು. ಹನ್ನೊಂದು ಗಂಟೆಗೆ ಓಡಿಸಿ ನೋಡಿದ, ಗೇರು ಬೆಣ್ಣೆಯ ಹಾಗೆ ಬಿತ್ತು. "ಏನೂ ಆಗಿಲ್ಲ, ಹೋಗಿ ಭಾವ" ಅಂದ. ಮೂರನೇ ದಿನ ಭಾವ ಮತ್ತೆ ಬಂದರು. ಈ ಸಲ ಗೇರ್‌ಬಾಕ್ಸಿನ ತಳ ಬಿಚ್ಚಿ, ಆ ಗೇರನ್ನು ಹಾಕಿ ತೆಗೆಯುವ ಸೊಲೆನಾಯ್ಡನ್ನೇ ಬದಲಿಸಿದ. ಸಂಜೆ ನಾಲ್ಕಕ್ಕೆ ಓಡಿಸಿದ, ಬಿತ್ತು. ಮಾರನೇ ಬೆಳಿಗ್ಗೆ ಭಾವನ ಕೈಯಲ್ಲಿ ಮತ್ತೆ ಬೀಳಲಿಲ್ಲ.

ಇಲ್ಲಿ ನೋಡಿ, ತನ್ನ ಕೈಯಲ್ಲಿ ಬೀಳುವ ಗೇರು ಇನ್ನೊಬ್ಬನ ಕೈಯಲ್ಲಿ ಬೀಳದಿದ್ದರೆ ದೋಷ ಗೇರಿನದಲ್ಲ ಅಂತ ಅವನ ತಲೆಗೆ ಹೊಕ್ಕಿತು. ತಾನು ಓಡಿಸಿದ್ದು ಬಿಸಿಲಲ್ಲಿ, ಭಾವ ಓಡಿಸಿದ್ದು ಕೊರೆಯುವ ಚಳಿಯಲ್ಲಿ ಅನ್ನುವುದು ಹೊಕ್ಕಲಿಲ್ಲ. ಬೆಳಿಗ್ಗೆ ಆರಕ್ಕೆ ಒಂದೇ ಒಂದು ದಿನ ಎದ್ದು ಹೋಗಿದ್ದರೆ ಸಾಕಿತ್ತು. ಆದರೆ ಗೇರಪ್ಪ ಹತ್ತಕ್ಕೆ ಮುಂಚೆ ಬಾಗಿಲು ತೆಗೆಯುವವನಲ್ಲವಲ್ಲ!

ಮೂರನೇ ಸಲ ಡಾಕ್ಟರಮ್ಮನೇ ಬಂದರು. ಮಧ್ಯಾಹ್ನ ಮೂರು ಗಂಟೆ. ಅವರನ್ನು ಹಿಂದೆ, ಭಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗೇರಪ್ಪ ಹೆದ್ದಾರಿಗೆ ಹೋದ. ಗೇರು ಬಿತ್ತು. ಇಂಜಿನ್ ಸುಮ್ಮನಾಯಿತು. ವಾಪಸ್ ಬಂದು ಗಾಡಿ ನಿಲ್ಲಿಸಿ, ಗೆದ್ದವನ ಹಾಗೆ ಕೈ ಒರೆಸಿಕೊಂಡ.

"ಗಾಡಿಗೇನೂ ಆಗಿಲ್ಲಮ್ಮ. ಕೈಯದೇ ದೋಷ," ಅಂದ. "ಭಾವನಿಗೆ ವಯಸ್ಸಾಯ್ತು ನೋಡಿ. ಬೆಳಿಗ್ಗೆ ಚಳಿಗೆ ಕೈ ನಡುಗುತ್ತೆ, ಹೆಬ್ಬೆರಳು ಗುಂಡಿಗೆ ತಾಗುತ್ತೆ. ಅವರಿಗೇ ಗೊತ್ತಾಗಲ್ಲ."

"ಗುಂಡಿ ಒತ್ತಿದ್ರೆ ದೀಪ ಹತ್ತಬೇಕಲ್ಲೋ," ಅಂದರು ಭಾವ. "ದೀಪ ಹತ್ತಿಲ್ಲ."

"ಬಲ್ಬು ಹೋಗಿರುತ್ತೆ ಭಾವ."

ಬಲ್ಬು ಹೋಗಿದೆಯೋ ಇಲ್ಲವೋ ನೋಡಲು ಒಂದು ಬೆರಳು ಸಾಕಿತ್ತು, ಗುಂಡಿ ಒತ್ತಿದರಾಯಿತು. ಅವನು ಒತ್ತಲಿಲ್ಲ. ಭಾವ ತಮ್ಮ ಎಡಗೈ ಹೆಬ್ಬೆರಳನ್ನು ಒಮ್ಮೆ ನೋಡಿಕೊಂಡರು. ಮೂವತ್ತೊಂದು ವರ್ಷ ಗೇರಿನಲ್ಲೇ ಬದುಕಿದವನು, ತಾವೇ ಕೈಹಿಡಿದು ದಾರಿಗೆ ಹಚ್ಚಿದ ಹುಡುಗ ಹೇಳಿದ ಮೇಲೆ ಇರಬಹುದು ಅಂದುಕೊಂಡರೋ ಏನೋ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಹಾಗಾಯಿತು.

ಡಾಕ್ಟರಮ್ಮ ಒಳ್ಳೆಯವರು. ಬೈಯಲಿಲ್ಲ, ಮುಖ ಗಂಟು ಹಾಕಲಿಲ್ಲ. ಆ ವಾರದ ಕೊನೆಗೆ ಭಾವನನ್ನು ಕೂರಿಸಿಕೊಂಡು, "ಇಷ್ಟು ವರ್ಷ ನನ್ನನ್ನ ಜೋಪಾನ ಮಾಡಿದ್ರಿ ಅಣ್ಣ, ಇನ್ನು ಮನೇಲಿ ಆರಾಮಾಗಿರಿ" ಅಂದರು. ಭಾವ ಹೊಸ ಡ್ರೈವರಿಗೆ ಕೀಲಿ ಕೊಟ್ಟು, ನಡೆದುಕೊಂಡು ಮನೆಗೆ ಬಂದರು. ಗೇರಪ್ಪನಿಗೆ ಸುದ್ದಿ ಗೊತ್ತಾದಾಗ ಒಂಚೂರು ಚುಚ್ಚಿದ್ದು ನಿಜ. ಆದರೂ, "ಒಳ್ಳೇದೇ ಆಯ್ತು ಬಿಡಕ್ಕ, ಈ ವಯಸ್ಸಲ್ಲಿ ಯಾಕೆ ಬೆಳಗಿನ ಚಳಿ" ಅಂತ ಫೋನಿನಲ್ಲಿ ಸಮಾಧಾನ ಹೇಳಿ ಕೈ ತೊಳೆದುಕೊಂಡ. ನಾಲಿಗೆಗೆ ಎಲುಬಿಲ್ಲ, ಎತ್ತ ಬೇಕಾದರೂ ಹೊರಳುತ್ತದೆ.

ಮೂರನೇ ವಾರ ಡಾಕ್ಟರಮ್ಮನ ಫೋನು ಬಂತು. "ಗೇರಪ್ಪ, ಹೊಸ ಡ್ರೈವರ್‌ಗೆ ಇನ್ನೂ ಮೂವತ್ತೈದಾಗಿಲ್ಲ. ಅವರ ಕೈಲೂ ಗೇರು ಬೀಳ್ತಿಲ್ಲ. ಅವರ ಕೈಯೂ ನಡುಗುತ್ತಾ?"

ಆ ಮಾತಿನಲ್ಲಿ ಕುಹಕ ಇರಲಿಲ್ಲ, ನಿಜವಾಗಿಯೂ ಕೇಳಿದ್ದರು. ಗೇರಪ್ಪನ ಕಿವಿ ಬಿಸಿಯಾಯಿತು. ಮಾರನೇ ದಿನ ಅಲಾರಾಂ ಇಟ್ಟು ಐದೂವರೆಗೆ ಎದ್ದ. ಬಾಯಿಂದ ಹೊಗೆ ಬರುವಂಥ ಚಳಿ. ಅವತ್ತು ಡಾಕ್ಟರಮ್ಮನಿಗೆ ರಜೆ. ಹೊಸ ಡ್ರೈವರನ್ನು ಪಕ್ಕಕ್ಕೆ ಕೂರಿಸಿ ತಾನೇ ಸ್ಟೀರಿಂಗ್ ಹಿಡಿದ. ಹೆದ್ದಾರಿಗೆ ಬಂದ, ಅರವತ್ತು, ಎಪ್ಪತ್ತು, ಎಂಬತ್ತು. ಇಂಜಿನ್ ಅರಚುತ್ತಲೇ ಇತ್ತು. ಹತ್ತು ಕಿಲೋಮೀಟರ್ ಹೋದರೂ ಗೇರು ಬೀಳಲಿಲ್ಲ. ಕೈ ಅವನದೇ, ಹೆಬ್ಬೆರಳು ಅವನದೇ. ಹಳದಿ ದೀಪ ಹತ್ತಿರಲಿಲ್ಲ. ಮೆಲ್ಲಗೆ ಗುಂಡಿ ಒತ್ತಿದ. ದೀಪ ಥಟ್ಟನೆ ಹತ್ತಿತು. ಬಲ್ಬಿಗೆ ಏನೂ ಆಗಿರಲಿಲ್ಲ, ಚಿನ್ನದಂಥ ಬಲ್ಬು.

"ಅಣ್ಣ, ಈ ಮುಳ್ಳು ಮೇಲೆ ಏಳೋದೇ ಇಲ್ಲ," ಅಂದ ಹೊಸ ಡ್ರೈವರು, ನೀರಿನ ಬಿಸಿ ತೋರಿಸುವ ಮುಳ್ಳಿನ ಕಡೆ ಬೆರಳು ಮಾಡಿ. "ಹಳೇ ಡ್ರೈವರ್ರು ಕೀಲಿ ಕೊಡ್ತಾ ಹೇಳಿದ್ರು. ಚಳೀಲಿ ಮುಳ್ಳು ಮಲಗಿರುತ್ತೆ, ಅದರ ಮೇಲೆ ಒಂದು ಕಣ್ಣಿಟ್ಟಿರಿ ಅಂತ."

ಗೇರಪ್ಪ ಗಾಡಿಯನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದ. ನೀರು ಕಾಯುವವರೆಗೂ ಕೊನೆಯ ಗೇರು ಕೊಡಬೇಡ ಅಂತ ಇಂಥ ಗಾಡಿಗಳ ಕಂಪ್ಯೂಟರಿಗೆ ಅಪ್ಪಣೆ ಇರುತ್ತದೆ; ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ, ಟೀ ಅಂಗಡಿಯಲ್ಲಿ ಎಷ್ಟೋ ಜನಕ್ಕೆ ಪಾಠ ಮಾಡಿದ್ದ. ವಾಲ್ವು ಇಲ್ಲದ ಇಂಜಿನ್ನಿಗೆ ಚಳಿಗಾಳಿ ಹೊಡೆದರೆ ನೀರು ಹೇಗೆ ಕಾದೀತು? ಆ ವಾಲ್ವು ಕಿತ್ತವರು ಯಾರು? ಹೋದ ಬೇಸಿಗೆಯಲ್ಲಿ ಇದೇ ಗಾಡಿ ಗ್ಯಾರೇಜಿಗೆ ಬಂದಿತ್ತು. "ಇದ್ರೇ ವಾಸಿ ಅಲ್ವೇನೋ, ಕಂಪನಿಯವರು ಸುಮ್ನೆ ಇಟ್ಟಿರ್ತಾರಾ" ಅಂತ ಭಾವ ಅಂದದ್ದೂ, "ನೀವು ಓಡಿಸಿ ಭಾವ, ಒಳಗಿಂದು ನನಗೆ ಬಿಡಿ" ಅಂತ ತಾನು ನಕ್ಕದ್ದೂ ಅವನಿಗೆ ಚೆನ್ನಾಗಿ ನೆನಪಿತ್ತು. ನೆನಪಿಲ್ಲದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

"ಏನಾಯ್ತಣ್ಣ?" ಅಂದ ಡ್ರೈವರು.

"ಏನಿಲ್ಲ," ಅಂದ ಗೇರಪ್ಪ. ಮುಖ ಆಚೆ ತಿರುಗಿಸಿಕೊಂಡ. ನಾಚಿಕೆ ಅಂದರೆ ಏನು ಅಂತ ಐವತ್ತರ ಹತ್ತಿರ ಬಂದ ಮೇಲೆ ಅವತ್ತು ಗೊತ್ತಾಯಿತು.

ಗ್ಯಾರೇಜಿಗೆ ಬಂದು ತಂತಿಯ ಮುಂದೆ ನಿಂತ. ಮೂವತ್ತೋ ನಲವತ್ತೋ ವಾಲ್ವುಗಳು. ಅದರಲ್ಲಿ ಡಾಕ್ಟರಮ್ಮನ ಗಾಡಿಯದು ಯಾವುದು ಅಂತ ಗುರುತು ಹಿಡಿಯಲು ಆಗಲಿಲ್ಲ. ತಂತಿ ಇಳಿಸಿ ಒಂದು ಗೋಣಿಚೀಲಕ್ಕೆ ತುರುಕಿದ. ಅಂಗಡಿಯಿಂದ ಹೊಸ ವಾಲ್ವು ತಂದು ಅರ್ಧ ಗಂಟೆಯಲ್ಲಿ ಕೂರಿಸಿದ. ಮಾರನೇ ಬೆಳಿಗ್ಗೆ ಡಾಕ್ಟರಮ್ಮ ಹೊರಡುವ ಮುಂಚೆ, ಐದಕ್ಕೇ ಓಡಿಸಿ ನೋಡಿದ. ಐದೇ ನಿಮಿಷಕ್ಕೆ ಮುಳ್ಳು ಎದ್ದು ನಡುವಿಗೆ ಬಂತು. ಎಪ್ಪತ್ತಕ್ಕೆ ಗೇರು ಬಿತ್ತು.

ಈಗ ಮರ್ಯಾದಸ್ಥನಾದವನು ಏನು ಮಾಡಬೇಕು? ನೆಟ್ಟಗೆ ಹೋಗಿ ತಪ್ಪಾಯ್ತು ಅನ್ನಬೇಕು. ಗೇರಪ್ಪ ಮಾಡಿದ್ದೇ ಬೇರೆ. ತಪ್ಪನ್ನು ಸರಿ ಮಾಡಬೇಕು, ಆದರೆ ತಪ್ಪು ತನ್ನದು ಅಂತ ಯಾರಿಗೂ ಗೊತ್ತಾಗಬಾರದು, ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂತ ಒಂದು ಉಪಾಯ ಹೂಡಿದ. ಡಾಕ್ಟರಮ್ಮನ ಹತ್ತಿರ ಹೋಗಿ, ಒಳಗೊಂದು ವೈರು ಸಡಿಲ ಆಗಿತ್ತು, ಬಿಗಿ ಮಾಡಿದೆ ಅಂದ. ಮಾತಿನ ನಡುವೆ, "ಭಾವನ ಕೈಯೂ ಈಗ ಎಷ್ಟೋ ವಾಸಿ ಅಮ್ಮ. ಮನೇಲಿ ಕೂತು ಸೊರಗ್ತಿದ್ದಾರೆ. ಒಂದ್ಸಲ ಕರೆಸಿ ನೋಡಿ" ಅಂತ ಸೇರಿಸಿದ. ಡಾಕ್ಟರಮ್ಮನ ಮುಖ ಅರಳಿತು.

"ನಂಗೂ ಅವರಿಲ್ಲದೆ ಸರಿ ಹೋಗ್ತಿಲ್ಲ ಗೇರಪ್ಪ. ಈ ಹುಡುಗ ಬ್ರೇಕ್ ಹಾಕಿದ್ರೆ ನನ್ನ ಕನ್ನಡಕ ಮುಂದಿನ ಸೀಟಲ್ಲಿರುತ್ತೆ. ಅವನನ್ನ ಆಸ್ಪತ್ರೆ ವ್ಯಾನಿಗೆ ಹಾಕ್ತೀನಿ. ನಾಳೇನೇ ಅಣ್ಣ ಬರಲಿ, ನೀವೂ ಜೊತೆಗಿರಿ."

ಬದುಕಿದೆಯಾ ಬಡಜೀವವೇ ಅಂದುಕೊಂಡ ಗೇರಪ್ಪ.

ಮಾರನೇ ಬೆಳಿಗ್ಗೆ ಭಾವ ಹತ್ತು ನಿಮಿಷ ಮುಂಚೆಯೇ ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ, ಮೇಲೊಂದು ಉಣ್ಣೆ ಸ್ವೆಟರು. ಗಾಡಿಯ ಸುತ್ತ ಒಂದು ಸುತ್ತು ಬಂದು, ಗಾಜು ಒರೆಸಿ, ಸೀಟು ಸರಿ ಮಾಡಿಕೊಂಡು ಕೂತರು. ಗೇರಪ್ಪ ಪಕ್ಕದಲ್ಲಿ, ಡಾಕ್ಟರಮ್ಮ ಹಿಂದೆ. ಬೀದಿಗಳು ಇನ್ನೂ ಖಾಲಿ; ಹಾಲಿನ ವ್ಯಾನೊಂದು ಬಿಟ್ಟರೆ ಯಾರೂ ಇಲ್ಲ. ಊರು ದಾಟುವಾಗ ಗೇರಪ್ಪ ಭಾವನ ಕೈ ನೋಡಿದ. ನಾಲ್ಕು ಬೆರಳು ಸರಳಿನ ಮೇಲಿದ್ದವು. ಹೆಬ್ಬೆರಳು ಮಾತ್ರ ಗುಂಡಿಯಿಂದ ದೂರ, ಮೇಲಕ್ಕೆ ಸೆಟೆದುಕೊಂಡು ನಿಂತಿತ್ತು. ಅಂಥ ಚಳಿಯಲ್ಲೂ ಭಾವನ ಹಣೆಯಲ್ಲಿ ಬೆವರು.

ಹೆದ್ದಾರಿ ಬಂತು. ಮುಳ್ಳು ನಡುವಿಗೆ ಏರಿತು. ಎಪ್ಪತ್ತು ದಾಟುತ್ತಿದ್ದ ಹಾಗೇ ಗೇರು ಬಿತ್ತು, ಇಂಜಿನ್ ಸುಮ್ಮನಾಯಿತು.

"ಬಿತ್ತು!" ಅಂದರು ಭಾವ. ಅವರ ದನಿ ಅಷ್ಟು ಜೋರಾಗಿ ಕೇಳಿದ್ದು ಗೇರಪ್ಪನಿಗೆ ನೆನಪೇ ಇಲ್ಲ. "ನೋಡಿದ್ಯೇನೋ? ಬೆರಳು ತಾಗಿಸಲೇ ಇಲ್ಲ. ಮನೇಲಿ ಮೂರು ವಾರ ಅಭ್ಯಾಸ ಮಾಡಿದೆ ಕಣೋ. ಸೌಟು ಹಿಡ್ಕೊಂಡು, ಹೆಬ್ಬೆರಳು ಎತ್ತಿ ಒಂದೊಂದು ಗಂಟೆ ಕೂರ್ತಿದ್ದೆ. ನಿಮ್ಮಕ್ಕ ನಗ್ತಿದ್ಳು. ನೀನು ಅವತ್ತು ಬಾಯಿ ಬಿಟ್ಟು ಹೇಳಿದ್ದಕ್ಕೆ ಸರಿ ಹೋಯ್ತಪ್ಪ. ಬೇರೆ ಯಾರಾದ್ರೂ ಆಗಿದ್ರೆ ದಾಕ್ಷಿಣ್ಯಕ್ಕೆ ಸುಮ್ನಿರೋರು. ನಿನ್ನಿಂದ ನನ್ನ ಕೆಲಸ ಉಳೀತು."

ಹಿಂದಿನಿಂದ ಡಾಕ್ಟರಮ್ಮ, "ಹೌದಣ್ಣ, ಗೇರಪ್ಪನೇ ಬಂದು ನಿಮ್ಮ ಪರವಾಗಿ ಹೇಳಿದ್ದು" ಅಂದರು.

ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ಗೇರಪ್ಪನಿಗೆ. ಸುಮ್ಮನಿದ್ದರೆ ಎಲ್ಲ ಸುಸೂತ್ರ. ಭಾವನಿಗೆ ಕೆಲಸ, ತನಗೆ ಹೆಸರು, ಡಾಕ್ಟರಮ್ಮನಿಗೆ ಡ್ರೈವರು. ಬಾಯಿ ಮುಚ್ಚಿಕೊಂಡಿದ್ದರಾಯಿತು. ಆದರೆ ಆ ಹೆಬ್ಬೆರಳು ಇನ್ನೂ ಹಾಗೇ ಸೆಟೆದು ನಿಂತಿತ್ತು, ಗೇರು ಬಿದ್ದ ಮೇಲೂ ಇಳಿದಿರಲಿಲ್ಲ. ಇನ್ನು ಮುಂದೆ ದಿನಾ ಬೆಳಿಗ್ಗೆ, ಐವತ್ತು ಕಿಲೋಮೀಟರು, ಅದು ಹೀಗೇ ನಿಂತಿರುತ್ತದೆ ಅಂತ ಗೇರಪ್ಪನಿಗೆ ಅರ್ಥವಾಯಿತು.

"ಭಾವ, ಬೆರಳು ಇಳಿಸಿ."

"ಬೇಡಪ್ಪ, ತಾಗಿಬಿಟ್ರೆ?"

"ತಾಗಲ್ಲ. ಅವತ್ತೂ ತಾಗಿರ್ಲಿಲ್ಲ." ಗೇರಪ್ಪ ಒಂದೇ ಉಸಿರಿಗೆ ಹೇಳಿದ. "ನಿಮ್ಮ ಕೈದೇನೂ ತಪ್ಪಿಲ್ಲ. ಬಲ್ಬೂ ಹೋಗಿರ್ಲಿಲ್ಲ. ಬೇಸಿಗೇಲಿ ನಾನು ವಾಲ್ವು ಕಿತ್ತಿದ್ನಲ್ಲ, ಅದಕ್ಕೇ ಇಂಜಿನ್ನು ಕಾಯ್ತಿರ್ಲಿಲ್ಲ, ಅದಕ್ಕೇ ಗೇರು ಬೀಳ್ತಿರ್ಲಿಲ್ಲ. ಮೊನ್ನೆ ಗೊತ್ತಾಯ್ತು. ಗುಟ್ಟಾಗಿ ಹೊಸದು ಹಾಕಿದೆ. ಅಮ್ಮ, ವೈರು ಸಡಿಲ ಅಂದಿದ್ದೂ ಸುಳ್ಳು."

ಭಾವ ಕನ್ನಡಿ ನೋಡಿದರು, ಎಡಗಡೆಯ ದೀಪ ಹಾಕಿದರು, ಗಾಡಿಯನ್ನು ರಸ್ತೆ ಬದಿಗೆ ತಂದು ಮೆತ್ತಗೆ ನಿಲ್ಲಿಸಿದರು. ಗೇರಪ್ಪ ಅವರ ಮುಖ ನೋಡಲಾರದೆ ತನ್ನ ಮಂಡಿ ನೋಡುತ್ತ ಕೂತ.

"ಮೊನ್ನೇನೇ ಗೊತ್ತಾಗಿತ್ತಾ?" ಅಂದರು ಭಾವ.

"ಹೂಂ."

"ಇವತ್ತೂ ಹೇಳ್ತಿರ್ಲಿಲ್ಲ, ಅಲ್ವಾ?"

ಗೇರಪ್ಪ ಮಂಡಿಯಿಂದ ಕಣ್ಣೆತ್ತದೆ ಹೌದೆಂದು ತಲೆಯಾಡಿಸಿದ.

"ಇಳಿ," ಅಂದರು ಭಾವ. ಸಿಟ್ಟಿನ ದನಿಯಲ್ಲ. "ಅಮ್ಮಂಗೆ ಹೊತ್ತಾಗುತ್ತೆ. ನೀನು ಇಲ್ಲಿಂದ ಬಸ್ಸು ಹಿಡಿದು ನೆಟ್ಟಗೆ ನಿಮ್ಮಕ್ಕನ ಹತ್ರ ಹೋಗು. ನಾನು ಅವಳಿಗೆ ಹೇಳಲ್ಲ. ನೀನೇ ಹೇಳ್ಬೇಕು, ನಾನು ಮನೆಗೆ ಬರೋದ್ರೊಳಗೆ."

ಡಾಕ್ಟರಮ್ಮ ಕಿಟಕಿಯ ಗಾಜು ಇಳಿಸಿ, ತಮ್ಮ ಮಫ್ಲರನ್ನು ಅವನ ಕೈಗಿಟ್ಟರು. ಬೈದಿದ್ದರೆ ವಾಸಿಯಿತ್ತು. ಗಾಡಿ ಹೋಯಿತು.

ಬಸ್ಸಿನಲ್ಲಿ ಕೂತವನಿಗೆ ಅಕ್ಕನ ಮನೆ ಇನ್ನಷ್ಟು ದೂರ ಇರಬಾರದಾ ಅನ್ನಿಸಿತು. ಡಾಕ್ಟರಮ್ಮನಿಗೆ ಹೇಳಿದ್ದಾಯಿತು, ಭಾವನಿಗೆ ಹೇಳಿದ್ದಾಯಿತು, ಆದರೆ ಅಕ್ಕ? ನನ್ನ ತಮ್ಮ ಕಿವಿಯಲ್ಲಿ ಕೇಳಿ ಹೇಳಿದರೆ ಮುಗೀತು, ಅವನ ಮಾತು ಸುಳ್ಳಾಗಲ್ಲ ಅಂತ ಮನೆಮನೆಗೆ ಹೇಳಿಕೊಂಡು ಬಂದವಳು. ಅವಳ ಮುಂದೆ ಬಾಯಿ ಬಿಡುವುದೇ ಎಲ್ಲಕ್ಕಿಂತ ಕಷ್ಟ ಅಂತ ಭಾವನಿಗೆ ಗೊತ್ತಿತ್ತು.

ಅಕ್ಕ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅವನನ್ನು ನೋಡಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ಇಷ್ಟು ಬೇಗ? ಗೇರು ಬಿತ್ತೇನೋ? ಅವರ ಕೈ ಸರಿಯಿತ್ತಾ?"

ಅವನು ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ. ವಾಲ್ವು, ಬಲ್ಬು, ಬೆಳಗಿನ ಚಳಿ, ಮೊನ್ನೆಯ ಸುಳ್ಳು. ಅಕ್ಕನಿಗೆ ಇಂಜಿನ್ನಿನ ಮಾತು ಅರ್ಥವಾಗುವುದಿಲ್ಲ. ಅವಳು ಎರಡೇ ಪ್ರಶ್ನೆ ಕೇಳಿದಳು.

"ಹಾಗಾದ್ರೆ ಅವರ ಕೈ ನಡುಗ್ತಿರ್ಲಿಲ್ವಾ?"

"ಇಲ್ಲ ಅಕ್ಕ."

"ನಡುಗೋದನ್ನ ನೀನು ನೋಡಿದ್ಯಲ್ಲ?"

"ನೋಡಿರ್ಲಿಲ್ಲ. ಸುಮ್ನೆ ಅಂದೆ."

ಬೈಯುತ್ತಾಳೆ, ಅಳುತ್ತಾಳೆ, ಆಚೆ ಹೋಗು ಅನ್ನುತ್ತಾಳೆ ಅಂತ ಅವನು ಕಾದ. ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. ತನ್ನ ಕೈಗಳನ್ನೊಮ್ಮೆ ನೋಡಿಕೊಂಡಳು.

"ಮೂರು ವಾರದಿಂದ ಅವರ ಗಡ್ಡ ನಾನೇ ಬೋಳಿಸ್ತಿದ್ದೀನಿ ಕಣೋ," ಅಂದಳು. "ಕೈ ನಡುಗುತ್ತಲ್ಲ, ಎಲ್ಲಾದ್ರೂ ಕುಯ್ಕೊಂಡಾರು ಅಂತ ಬ್ಲೇಡು ಕಿತ್ಕೊಂಡೆ. ನೀನು ಹೇಳಿದ್ಯಲ್ಲ, ಅದಕ್ಕೆ. ಒಂದು ದಿನಾನೂ ಬೇಡ ಕಣೇ ಅನ್ನಲಿಲ್ಲ ಅವರು. ಕಣ್ಣು ಮುಚ್ಕೊಂಡು, ಮುಖ ಕೊಟ್ಟು, ಸುಮ್ನೆ ಕೂತಿರೋರು. ಇವತ್ತು ಬೆಳಿಗ್ಗೇನೂ."